ಮನೆ ಸಾಲದ ಕಂತು ತಪ್ಪತೊಡಗಿದಾಗ: ಕಾಸರಗೋಡಿನವರಿಗೆ ಹಂತ ಹಂತದ ಮಾರ್ಗದರ್ಶಿ

ಕಳೆದ ಮಳೆಗಾಲದಲ್ಲಿ ಪೆರ್ಲದ ಕಡೆಯ ಒಬ್ಬರು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲವನ್ನು ನನ್ನ ಮೇಜಿನ ಮೇಲೆ ಸುರಿದರು. ಬ್ಯಾಂಕಿನಿಂದ ಬಂದ ಏಳು ಲಕೋಟೆಗಳಿದ್ದವು. ಐದನ್ನು ಒಡೆದೇ ಇರಲಿಲ್ಲ. "ಎಲ್ಲ ಇಂಗ್ಲಿಷಿನಲ್ಲಿದೆ, ಓದಿಸಿಕೊಂಡರೆ ಆ ರಾತ್ರಿ ನಿದ್ದೆ ಬರುವುದಿಲ್ಲ" ಎಂದರು. ನಾಲ್ಕನೆಯ ಲಕೋಟೆಯಲ್ಲಿ ಅರವತ್ತು ದಿನದ ನೋಟಿಸು ಇತ್ತು. ಅವರು ನನ್ನಲ್ಲಿಗೆ ಬಂದದ್ದು ಎಪ್ಪತ್ತೊಂದನೆಯ ದಿನ.

ಸಹಕಾರಿ ಸಂಘವೊಂದರ ಸಾಲ ವಿಭಾಗದಲ್ಲಿ ಕುಳಿತು ನಿವೃತ್ತನಾದ ಮೇಲೆ ಇಂತಹ ಚೀಲಗಳನ್ನು ಬಹಳ ನೋಡಿದ್ದೇನೆ. ಕಂತು ಕಟ್ಟಲಾಗದೆ ಹೋದದ್ದು ಅವರ ತಪ್ಪಲ್ಲ. ಒಬ್ಬರ ತೋಟಕ್ಕೆ ಕೊಳೆರೋಗ ಬಂದಿರುತ್ತದೆ, ಇನ್ನೊಬ್ಬರ ಮಗನ ಗಲ್ಫಿನ ಕೆಲಸ ಹೋಗಿರುತ್ತದೆ, ಮತ್ತೊಬ್ಬರ ಮನೆಯಲ್ಲಿ ಮಂಗಳೂರಿನ ಆಸ್ಪತ್ರೆಯ ಬಿಲ್ಲು ಬಂದಿರುತ್ತದೆ. ಎಲ್ಲರೂ ಎಡವುವುದು ಕೆಲಸದ ಕ್ರಮದಲ್ಲಿ. ಮೊದಲು ಕೈಸಾಲ, ಆಮೇಲೆ ಹೆಂಡತಿಯ ಚಿನ್ನ, ಆಮೇಲೆ ಚಿಟ್ಟಿ (ಚೀಟಿ ಫಂಡ್), ಎಲ್ಲವೂ ಬರಿದಾದ ಮೇಲೆ ಬ್ಯಾಂಕಿನ ಬಾಗಿಲು. ಹೋಗಬೇಕಾದದ್ದು ಇದಕ್ಕೆ ತೀರಾ ತಿರುಗುಮುರುಗಾಗಿ.

ಮೊದಲು ಕೈಯಲ್ಲಿರಬೇಕಾದ ಕಾಗದಗಳು

ಸಾಲ ಮಂಜೂರಾತಿ ಪತ್ರ, ಸಾಲದ ಖಾತೆಯ ಇತ್ತೀಚಿನ ಸ್ಟೇಟ್‌ಮೆಂಟ್, ಅಡವಿಟ್ಟ ಆಧಾರದ ನಕಲು (ನಮ್ಮೂರಿನಲ್ಲಿ ಆಧಾರ ಎಂದರೆ ನೋಂದಾಯಿತ ದಸ್ತಾವೇಜು, ಆಧಾರ್ ಕಾರ್ಡ್ ಅಲ್ಲ, ದೂರದ ಊರಿನಿಂದ ಬಂದ ಬ್ಯಾಂಕ್ ಸಿಬ್ಬಂದಿಯೊಂದಿಗೆ ಮಾತನಾಡುವಾಗ ಈ ಗೊಂದಲ ಆಗುತ್ತಲೇ ಇರುತ್ತದೆ), ಗ್ರಾಮ ಕಚೇರಿಯ ಭೂತೆರಿಗೆ ರಸೀದಿ, ಆರು ತಿಂಗಳ ಉಳಿತಾಯ ಖಾತೆಯ ವಿವರ. ಇವುಗಳ ಜೊತೆಗೆ ಆದಾಯ ಕುಸಿದದ್ದಕ್ಕೆ ಸಾಕ್ಷಿಯೂ ಬೇಕು: ಕೆಲಸ ಬಿಡಿಸಿದ ಪತ್ರ, ಆಸ್ಪತ್ರೆಯ ಬಿಲ್ಲು, ಕಳೆದ ಎರಡು ವರ್ಷ ಅಡಿಕೆ ಮಾರಿದ ರಸೀದಿಗಳು. ಒಂದು ನೂರು ಪುಟದ ನೋಟ್ ಪುಸ್ತಕವನ್ನೂ ಕೊಳ್ಳಿ. ಯಾವ ದಿನ ಯಾರು ಫೋನ್ ಮಾಡಿದರು, ಏನು ಹೇಳಿದರು ಎಂದು ಅದರಲ್ಲಿ ಬರೆಯುತ್ತಾ ಹೋಗಿ. ನೆನಪಿನ ಮೇಲೆ ನಡೆಸಿದ ವಾದ ಬ್ಯಾಂಕಿನ ಎದುರು ನಿಲ್ಲುವುದಿಲ್ಲ.

ಹಂತ 1: ದಿನ ಎಣಿಸಿ

ಬ್ಯಾಂಕು ಎಣಿಸುವುದು ತಪ್ಪಿದ ಕಂತುಗಳನ್ನಲ್ಲ, ಅತ್ಯಂತ ಹಳೆಯ ಬಾಕಿಗೆ ಎಷ್ಟು ದಿನವಾಯಿತು ಎಂಬುದನ್ನು. ಜೂನ್ 5ರ ಕಂತು ತಪ್ಪಿತು ಎಂದುಕೊಳ್ಳಿ. ಜುಲೈ, ಆಗಸ್ಟಿನದೂ ತಪ್ಪಿದರೆ ಸೆಪ್ಟೆಂಬರ್ 3ಕ್ಕೆ ತೊಂಬತ್ತು ದಿನ ತುಂಬುತ್ತದೆ. ಅಂದಿನ ದಿನದ ವಹಿವಾಟು ಮುಗಿಯುವಾಗ ನಿಮ್ಮ ಸಾಲ ಎನ್‌ಪಿಎ, ಅಂದರೆ ಸುಸ್ತಿ ಸಾಲಗಳ ಪಟ್ಟಿಗೆ ಸೇರುತ್ತದೆ. ಅದಕ್ಕೂ ಮೊದಲೇ 30ನೇ ದಿನ, 60ನೇ ದಿನ ಖಾತೆಗೆ ಒಂದೊಂದು ಎಚ್ಚರಿಕೆಯ ಗುರುತು ಬೀಳುತ್ತದೆ.

ಈ ತೊಂಬತ್ತಕ್ಕೆ ಇಷ್ಟು ಮಹತ್ವವೇಕೆ? ಅದರೊಳಗೆ ಒಂದು ಕಂತು ಕಟ್ಟಿದರೂ ಹಣ ಹಳೆಯ ಬಾಕಿಗೆ ಜಮೆಯಾಗಿ ಎಣಿಕೆ ಒಂದು ತಿಂಗಳು ಹಿಂದೆ ಸರಿಯುತ್ತದೆ. ತೊಂಬತ್ತು ದಾಟಿದ ಮೇಲೆ ಒಂದು ಕಂತು ಸಾಲದು. ತಪ್ಪಿದ ಕಂತುಗಳ ಬಡ್ಡಿ, ಅಸಲು ಸೇರಿ ಇಡೀ ಬಾಕಿ ತೀರಿಸಿದರೆ ಮಾತ್ರ ಖಾತೆ ಮೊದಲಿನ ಸ್ಥಿತಿಗೆ ಬರುತ್ತದೆ. ಎಂಬತ್ತೈದನೆಯ ದಿನ ಹದಿನೆಂಟು ಸಾವಿರದಲ್ಲಿ ಆಗುವ ಕೆಲಸಕ್ಕೆ ತೊಂಬತ್ತೈದನೆಯ ದಿನ ಎಪ್ಪತ್ತು ಸಾವಿರ ಬೇಕಾಗುವುದು ಹೀಗೆ.

ಸಾಮಾನ್ಯ ತಪ್ಪು: ಖಾತೆಯಲ್ಲಿ ಹಣವಿಲ್ಲವೆಂದು ಗೊತ್ತಿದ್ದೂ ಕಂತಿನ ದಿನವನ್ನು ಹಾಗೆಯೇ ಬಿಟ್ಟುಬಿಡುವುದು. ಸ್ವಯಂಪಾವತಿಯ ಆದೇಶ ವಾಪಸಾದ ಪ್ರತಿ ಸಲವೂ ನೂರಾರು ರೂಪಾಯಿ ಶುಲ್ಕ ಬೀಳುತ್ತದೆ. ಅದೂ ಚೆಕ್ ವಾಪಸಾದಂತೆಯೇ ಮೊಕದ್ದಮೆಗೆ ಎಡೆ ಕೊಡುವ ವಿಷಯ. ಗಲ್ಫಿನಿಂದ ಹಣ ಹತ್ತನೇ ತಾರೀಕಿಗೆ ಬರುವುದಾದರೆ, ಐದನೇ ತಾರೀಕಿನ ಕಂತನ್ನು ಹನ್ನೆರಡಕ್ಕೆ ಬದಲಿಸಿಕೊಡಿ ಎಂದು ಕೇಳಿ. ಇಷ್ಟರಿಂದಲೇ ಎಷ್ಟೋ ಮನೆಗಳ ತಲೆನೋವು ತೀರಿದೆ.

ಹಂತ 2: ಮನೆಯ ಲೆಕ್ಕವನ್ನು ವರ್ಷಕ್ಕೆ ಹಾಕಿ

ಸಂಬಳದವರು ತಿಂಗಳ ಲೆಕ್ಕ ಹಾಕಿದರೆ ಸಾಕು. ತೋಟದವರಿಗೆ ಅದು ಸುಳ್ಳು ಲೆಕ್ಕ. ಅಡಿಕೆ, ಕರಿಮೆಣಸು, ತೆಂಗು ಎಲ್ಲ ಸೇರಿ ವರ್ಷಕ್ಕೆ ಕೈಗೆ ಬರುವುದೆಷ್ಟು ಎಂದು ಬರೆಯಿರಿ. ಅದರಿಂದ ಮದ್ದು ಬಿಡುವ ಕೂಲಿ, ಗೊಬ್ಬರ, ಕೊಯ್ಲು, ಸುಲಿಯುವ ಖರ್ಚು ಕಳೆಯಿರಿ. ಉಳಿದದ್ದನ್ನು ಹನ್ನೆರಡರಿಂದ ಭಾಗಿಸಿ. ಇದರಲ್ಲಿ ಊಟ, ಔಷಧಿ, ಮಕ್ಕಳ ಶುಲ್ಕ ಹೋಗಿ ಕಂತಿಗೆ ಎಷ್ಟು ಸಿಗುತ್ತದೋ ಆ ಒಂದು ಸಂಖ್ಯೆಯ ಸುತ್ತ ಗೆರೆ ಎಳೆಯಿರಿ. ಬ್ಯಾಂಕಿಗೆ ಹೇಳಬೇಕಾದ ಸಂಖ್ಯೆ ಅದು. ಮುಖದಾಕ್ಷಿಣ್ಯಕ್ಕೆ ಅದನ್ನು ಹಿಗ್ಗಿಸಬೇಡಿ.

ಅಟ್ಟದ ಮೇಲೆ ಚಾಲಿ ಅಡಿಕೆಯ ಮೂಟೆಗಳಿದ್ದೂ "ದರ ಇನ್ನೂ ಏರುತ್ತದೆ" ಎಂದು ಕಾಯುತ್ತಾ ಕಂತು ತಪ್ಪಿಸುವವರಿದ್ದಾರೆ. ಅಡಿಕೆ ಇಟ್ಟುಕೊಳ್ಳುವುದು ತಪ್ಪಲ್ಲ, ಬೆಳೆಗಾರನ ಬ್ಯಾಂಕು ಅದೇ. ಆದರೆ ತೊಂಬತ್ತು ದಿನದ ಗಡಿ ಹತ್ತಿರ ಬಂದಾಗ ಎರಡು ಮೂಟೆ ಇಳಿಸಲೇಬೇಕು. ಕಿಲೋಗೆ ಇಪ್ಪತ್ತು ರೂಪಾಯಿ ಏರಿದರೂ ಸುಸ್ತಿ ಸಾಲದ ಹೊರೆಯನ್ನು ಅದು ತುಂಬಿಕೊಡುವುದಿಲ್ಲ.

ಹಂತ 3: ಯಾರಿಗೆ ಮೊದಲು ಕೊಡಬೇಕು

ಹೆಚ್ಚಿನ ಮನೆಗಳಲ್ಲಿ ಹಣ ಹೋಗುವುದು ಫೋನಿನಲ್ಲಿ ಹೆಚ್ಚು ಬೊಬ್ಬೆ ಹಾಕುವವನಿಗೆ. ಕ್ರೆಡಿಟ್ ಕಾರ್ಡಿನವನು ದಿನಕ್ಕೆ ಆರು ಸಲ ಕರೆಯುತ್ತಾನೆ, ಮನೆ ಸಾಲದ ಬ್ಯಾಂಕು ತಿಂಗಳಿಗೊಂದು ಕಾಗದ ಕಳುಹಿಸುತ್ತದೆ. ಹೀಗಾಗಿ ಕಾರ್ಡಿಗೆ ಕಟ್ಟಿ ಮನೆಯದನ್ನು ಬಿಡುತ್ತಾರೆ. ಮನೆ ಅಡವಿರುವ ಸಾಲ ಮೊದಲು, ಚಿನ್ನ ಅಡವಿರುವ ಸಾಲ ಎರಡನೆಯದು, ಅಡವಿಲ್ಲದ ವೈಯಕ್ತಿಕ ಸಾಲ ಮತ್ತು ಕಾರ್ಡು ಆಮೇಲೆ. ಕಾರ್ಡಿನ ಬಡ್ಡಿ ಭಾರಿಯೇ, ನಿಜ. ಆದರೂ ಕಾರ್ಡಿನ ಬಾಕಿಗಾಗಿ ಬ್ಯಾಂಕು ನೋಟಿಸು ಕೊಟ್ಟ ಮಾತ್ರಕ್ಕೆ ನಿಮ್ಮ ಮನೆಗೆ ಬೀಗ ಹಾಕಲಾರದು.

ಹಂತ 4: ಶಾಖೆಗೆ ಹೋಗಿ, ಕೈಯಲ್ಲಿ ಪತ್ರವಿರಲಿ

ಬರೀ ಕೈಯಲ್ಲಿ ಹೋಗಿ "ಸ್ವಲ್ಪ ಸಮಯ ಕೊಡಿ ಸರ್" ಎಂದರೆ ಮ್ಯಾನೇಜರ್ "ಆಗಲಿ, ನೋಡುವ" ಎನ್ನುತ್ತಾರೆ. ಮುಂದಿನ ತಿಂಗಳು ಅವರಿಗೆ ವರ್ಗವಾಗುತ್ತದೆ. ಹೊಸದಾಗಿ ಬಂದವರಿಗೆ ನಿಮ್ಮ ಮಾತು ಗೊತ್ತಿಲ್ಲ. ಆದ್ದರಿಂದ ಎರಡು ಪ್ರತಿ ಪತ್ರ ಒಯ್ಯಿರಿ, ಒಂದರ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡು ಬನ್ನಿ. ಹಾಕಲು ಒಪ್ಪದಿದ್ದರೆ ವಾದ ಬೇಡ, ಅದೇ ದಿನ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ.

ಕೇರಳ ಸರಕಾರದ ಕಚೇರಿಗಳಿಗಾದರೆ ಭಾಷಾ ಅಲ್ಪಸಂಖ್ಯಾತ ಪ್ರದೇಶದವರಾದ ನಾವು ಕನ್ನಡದಲ್ಲಿಯೇ ಬರೆಯಬಹುದು. 1969ರ ರಾಜ್ಯ ಅಧಿಕೃತ ಭಾಷಾ ಕಾಯ್ದೆ ಆ ಹಕ್ಕನ್ನು ಕೊಟ್ಟಿದೆ. ಬ್ಯಾಂಕಿನ ಮಾತು ಬೇರೆ. ಪತ್ರ ಮೇಲಿನ ಕಚೇರಿಗೆ ಹೋಗುವುದರಿಂದ ಇಂಗ್ಲಿಷಿನಲ್ಲಿರುವುದೇ ಒಳ್ಳೆಯದು. ಒಕ್ಕಣೆ ಹೀಗಿದ್ದರೆ ಸಾಕು, ಕಾಲೇಜಿಗೆ ಹೋಗುವ ಮಕ್ಕಳು ಇಂಗ್ಲಿಷಿಗೆ ತಿರುಗಿಸಿಕೊಡುತ್ತಾರೆ:

"ನನ್ನ ಮನೆ ಸಾಲದ ಖಾತೆ ಸಂಖ್ಯೆ ಇಂಥದು. ಇಂಥ ತಿಂಗಳವರೆಗೆ ಕಂತು ತಪ್ಪಿಸಿಲ್ಲ. ಇಂಥ ದಿನದಿಂದ ನನ್ನ ಆದಾಯ ಇಷ್ಟರಿಂದ ಇಷ್ಟಕ್ಕೆ ಇಳಿದಿದೆ, ದಾಖಲೆ ಲಗತ್ತಿಸಿದ್ದೇನೆ. ಈಗ ತಿಂಗಳಿಗೆ ಇಷ್ಟು ಕಟ್ಟಬಲ್ಲೆ. ಇಂಥ ತಿಂಗಳಿನಿಂದ ಪೂರ್ಣ ಕಂತು ಕಟ್ಟುವ ನಿರೀಕ್ಷೆ ಇದೆ, ಅದಕ್ಕೆ ಕಾರಣ ಇದು. ಅವಧಿ ವಿಸ್ತರಣೆ, ಬಡ್ಡಿ ದರದ ಬದಲಾವಣೆ ಅಥವಾ ಸಾಲದ ಪುನರ್‌ರಚನೆ, ಇವುಗಳಲ್ಲಿ ಯಾವುದು ಸಾಧ್ಯವೆಂದು ಬರಹದಲ್ಲಿ ತಿಳಿಸಬೇಕು."

ಕಣ್ಣೀರಿನ ಕಥೆ ಬೇಡ. ಸಂಖ್ಯೆ, ದಿನಾಂಕ, ದಾಖಲೆ ಇಷ್ಟೇ ಇರಲಿ. ಸಾಲ ಮಂಜೂರು ಮಾಡುವ ಸಮಿತಿಯಲ್ಲಿ ಕುಳಿತವನಾಗಿ ಹೇಳುತ್ತೇನೆ, "ಕಟ್ಟಲಾಗುವುದಿಲ್ಲ" ಎಂಬ ಪತ್ರ ಕಡತಕ್ಕೆ ಸೇರುತ್ತದೆ, "ಇಷ್ಟು ಕಟ್ಟಬಲ್ಲೆ" ಎಂಬ ಪತ್ರದ ಮೇಲೆ ಚರ್ಚೆ ನಡೆಯುತ್ತದೆ.

ಸಾಲಗಾರ ವಿದೇಶದಲ್ಲಿದ್ದರೆ ಅವನ ಅಪ್ಪನ ಮಾತಿಗೆ ಶಾಖೆಯಲ್ಲಿ ಬೆಲೆಯಿಲ್ಲ. ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರ ಪತ್ರ ತರಿಸಿ. ಅದು ಊರಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಜಾಮೀನು ನಿಂತವರಿಗೂ ನೀವೇ ತಿಳಿಸಿ. ಅವರಿಗೆ ಬ್ಯಾಂಕಿನಿಂದ ತಿಳಿದರೆ ಸಾಲದ ಜೊತೆಗೆ ಸಂಬಂಧವೂ ಹೋಗುತ್ತದೆ.

ಹಂತ 5: ಬ್ಯಾಂಕು ಮುಂದಿಟ್ಟದ್ದನ್ನು ಅಳೆದು ನೋಡಿ

ಇಲ್ಲಿ ನಿಧಾನಿಸಬೇಕು. "ಕಂತು ಕಡಿಮೆಯಾಗುತ್ತದೆ" ಎಂಬ ಒಂದೇ ಮಾತಿಗೆ ಸಹಿ ಹಾಕಿ ಬರುವವರು ಬಹಳ.

20 ಲಕ್ಷ ರೂಪಾಯಿ, ಶೇ. 9 ಬಡ್ಡಿ, 20 ವರ್ಷ ಎಂದುಕೊಳ್ಳಿ. ಕಂತು ಸುಮಾರು 17,995 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 15,000 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಹೋಗುವುದು ಮೂರು ಸಾವಿರಕ್ಕೂ ಕಡಿಮೆ. ಅವಧಿಯನ್ನು 25 ವರ್ಷಕ್ಕೆ ಎಳೆದರೆ ಕಂತು 16,784, 30 ವರ್ಷಕ್ಕೆ ಎಳೆದರೆ 16,092. ಅಂದರೆ ಹತ್ತು ವರ್ಷ ಹೆಚ್ಚು ದುಡಿದು ತಿಂಗಳಿಗೆ ಉಳಿಸುವುದು ಸಾವಿರದ ಒಂಬೈನೂರು ರೂಪಾಯಿ. ಒಟ್ಟು ಬಡ್ಡಿ ಮಾತ್ರ 23 ಲಕ್ಷದಿಂದ ಸುಮಾರು 38 ಲಕ್ಷಕ್ಕೆ ಏರುತ್ತದೆ. ಮೊದಲ ಐದು ವರ್ಷದ ವಿಸ್ತರಣೆಯಿಂದ ಸ್ವಲ್ಪ ಉಸಿರಾಡಬಹುದು, ಅದರಾಚೆಗಿನದು ಹೆಚ್ಚಿನವರಿಗೆ ನಷ್ಟದ ವ್ಯಾಪಾರ. ಕೈ ಸುಧಾರಿಸಿದಾಗ ಅಸಲಿಗೆ ಹೆಚ್ಚು ಕಟ್ಟಿ ಅವಧಿ ಕುಗ್ಗಿಸಿಕೊಳ್ಳಬಹುದು. ಬದಲಾಗುವ ಬಡ್ಡಿಯ ಮನೆ ಸಾಲವನ್ನು ವ್ಯಕ್ತಿಗಳು ಮುಂಚಿತವಾಗಿ ತೀರಿಸಿದರೆ ದಂಡ ಹಾಕುವಂತಿಲ್ಲ.

ಬಡ್ಡಿ ದರ ಇಳಿಸಿಕೊಳ್ಳುವುದು ಇದಕ್ಕಿಂತ ಒಳ್ಳೆಯ ದಾರಿ, ಕೇಳುವವರೇ ಕಡಿಮೆ. 2025ರಲ್ಲಿ ರಿಸರ್ವ್ ಬ್ಯಾಂಕಿನ ರೆಪೊ ದರ (ಬ್ಯಾಂಕುಗಳಿಗೆ ಅದು ಸಾಲ ಕೊಡುವ ಬಡ್ಡಿ ದರ) ಶೇ. 6.5ರಿಂದ 5.25ಕ್ಕೆ ಇಳಿಯಿತು. ಹಳೆಯ ಪದ್ಧತಿಯ ಸಾಲಗಳಿಗೆ ಆ ಇಳಿಕೆ ತಡವಾಗಿ, ಅರೆಬರೆಯಾಗಿ ತಲುಪುತ್ತದೆ. ನಿಮ್ಮ ಸಾಲ ರೆಪೊಗೆ ಹೊಂದಿಕೊಂಡದ್ದೇ, ಅಲ್ಲವಾದರೆ ಬದಲಿಸಲು ಶುಲ್ಕವೆಷ್ಟು ಎಂದು ಕೇಳಿ. ಅದೇ 20 ಲಕ್ಷಕ್ಕೆ, ಅದೇ 20 ವರ್ಷಕ್ಕೆ ದರ ಶೇ. 8.25 ಆದರೆ ಕಂತು ಸುಮಾರು 17,040. ಅವಧಿ ಹಿಗ್ಗಿಸದೆಯೇ ಒಂಬೈನೂರೈವತ್ತು ರೂಪಾಯಿ ಇಳಿಯಿತು.

ಆರು ತಿಂಗಳು ಕಂತಿಗೆ ಬಿಡುವು ಕೊಟ್ಟರೆ ಅದನ್ನು ಉಚಿತ ಎಂದು ತಿಳಿಯಬೇಡಿ. ಬಡ್ಡಿ ಅಸಲಿಗೆ ಸೇರಿ 20 ಲಕ್ಷ ಸುಮಾರು 20.92 ಲಕ್ಷವಾಗುತ್ತದೆ. ಪುನರ್‌ರಚನೆಯ ಗುರುತು ನಿಮ್ಮ ಸಾಲಗಳ ಇತಿಹಾಸವಿರುವ ಸಿಬಿಲ್ ವರದಿಯಲ್ಲಿಯೂ ಉಳಿಯುತ್ತದೆ. ಇಷ್ಟಾದರೂ ಹರಾಜಿಗಿಂತ ಮೇಲೇ.

ಇನ್ನೊಂದು: ಕಂತು ತಪ್ಪಿದ್ದಕ್ಕೆ ಹಾಕುವ ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಹೇಳಿ 2024ರಿಂದ ಜಾರಿಗೆ ತಂದಿದೆ. ಸ್ಟೇಟ್‌ಮೆಂಟಿನಲ್ಲಿ ಹಾಗೆ ಕಂಡರೆ ಬರಹದಲ್ಲಿ ಕೇಳಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನಲ್ಲಿ ದೂರು ವಿಚಾರಿಸುವ ಅಧಿಕಾರಿಯಾದ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ.

ಹಂತ 6: ಚಿನ್ನ, ಚಿಟ್ಟಿ, ಕೈಸಾಲ

ಚಿನ್ನ ಅಡವಿಟ್ಟು ಕಂತು ಕಟ್ಟುವುದು ಒಂದೇ ಸಂದರ್ಭದಲ್ಲಿ ಸರಿ: ಇಂಥ ತಾರೀಕಿಗೆ ಇಂಥ ಹಣ ಬರುತ್ತದೆ ಎಂದು ಖಚಿತವಿದ್ದಾಗ. ಕೊಯ್ಲಿಗೆ ಎರಡು ತಿಂಗಳಿದೆ, ಎರಡು ಪವನಿನ ಸರ ಇಟ್ಟು ತೊಂಬತ್ತು ದಿನ ದಾಟದಂತೆ ನೋಡಿಕೊಂಡೆ ಎಂದರೆ ಅದು ಜಾಣತನ. ಕೆಲಸವೇ ಹೋಗಿರುವಾಗ ತಿಂಗಳಿಗೊಂದು ಬಳೆ ಇಟ್ಟರೆ ವರ್ಷದ ಕೊನೆಗೆ ಬಳೆಯೂ ಇಲ್ಲ, ಮನೆಯ ಬಾಕಿಯೂ ಹಾಗೆಯೇ ಇದೆ. ಚಿಟ್ಟಿಯನ್ನು ಭಾರಿ ಕಡಿತಕ್ಕೆ ಕೂಗಿ ಹಿಡಿದರೆ ಉಳಿದ ಕಂತುಗಳು ಎರಡನೆಯ ಸಾಲವಾಗಿ ಕೂರುತ್ತವೆ. ಆ್ಯಪ್ ಸಾಲದ ವಿಷಯ ಬೇಡವೇ ಬೇಡ.

ಹಂತ 7: ನೋಟಿಸು ಬಂದೇ ಬಿಟ್ಟರೆ

ಬ್ಯಾಂಕುಗಳು 2002ರ ಸರ್ಫೇಸಿ ಕಾಯ್ದೆಯ ಪ್ರಕಾರ ನಡೆಯುತ್ತವೆ. ದಾವೆ ಹೂಡದೆಯೇ ಅಡವಿನ ಆಸ್ತಿಯನ್ನು ವಶಪಡಿಸಿಕೊಂಡು ಮಾರಲು ಬ್ಯಾಂಕಿಗೆ ಅಧಿಕಾರ ಕೊಡುವ ಕಾಯ್ದೆ ಅದು. ಮೊದಲು 13(2)ನೇ ಕಲಮಿನ ನೋಟಿಸು. ಅರವತ್ತು ದಿನದೊಳಗೆ ಪೂರ್ತಿ ಸಾಲ ಕಟ್ಟಿ ಎಂದು ಅದರಲ್ಲಿರುತ್ತದೆ. ಲಕೋಟೆ ಕೈಗೆ ಬಂದ ದಿನಾಂಕವನ್ನು ಅದರ ಮೇಲೆಯೇ ಬರೆಯಿರಿ. ಪೋಸ್ಟ್‌ಮ್ಯಾನ್ ತಂದದ್ದನ್ನು ತಿರಸ್ಕರಿಸಿದರೆ ನೋಟಿಸು ತಲುಪಲಿಲ್ಲ ಎಂದಾಗುವುದಿಲ್ಲ.

ಈ ಅರವತ್ತು ದಿನದಲ್ಲಿ ಆಕ್ಷೇಪ ಅಥವಾ ಮನವಿ ಬರೆದು ಕೊಡಬಹುದು. ಹದಿನೈದು ದಿನದೊಳಗೆ ಕಾರಣ ಸಹಿತ ಉತ್ತರ ಕೊಡುವುದು ಬ್ಯಾಂಕಿನ ಹೊಣೆ. ಲೆಕ್ಕ ತಪ್ಪಿದ್ದರೆ, ಕಟ್ಟಿದ ಹಣ ಜಮೆಯಾಗಿಲ್ಲದಿದ್ದರೆ, ಒತ್ತೆಯಿಟ್ಟ ಜಾಗ ಕೃಷಿಭೂಮಿಯಾಗಿದ್ದರೆ ಇಲ್ಲಿಯೇ ಹೇಳಬೇಕು. ಕೃಷಿಭೂಮಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಆದರೆ ಕಾಗದದಲ್ಲಿ ತೋಟ ಎಂದಿದ್ದರೆ ಸಾಲದು, ಕೃಷಿ ನಡೆಯುತ್ತಿದೆ ಎಂದು ತೋರಿಸುವ ಹೊಣೆ ನಿಮ್ಮದು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಅಡಿಕೆ ಮಾರಿದ ರಸೀದಿಗಳನ್ನು ಇಟ್ಟುಕೊಳ್ಳಿ ಎಂದು ಆರಂಭದಲ್ಲಿ ಹೇಳಿದ್ದು ಇದಕ್ಕೂ ಹೌದು. ಐದು ಸೆಂಟ್ಸಿನಲ್ಲಿ ಮನೆ ಕಟ್ಟಿ ಅಂಗಳದಲ್ಲಿ ನಾಲ್ಕು ಅಡಿಕೆ ಮರವಿದ್ದರೆ ಈ ವಾದ ನಡೆಯುವುದಿಲ್ಲ.

ಅರವತ್ತು ದಿನ ಕಳೆದ ಮೇಲೆ ಬಾಗಿಲಿಗೆ ಸ್ವಾಧೀನದ ನೋಟಿಸು ಅಂಟಿಸುತ್ತಾರೆ, ಎರಡು ಪತ್ರಿಕೆಗಳಲ್ಲಿ ಪ್ರಕಟಿಸುತ್ತಾರೆ. ಪ್ರಾದೇಶಿಕ ಭಾಷೆಯದು ನಮ್ಮ ಜಿಲ್ಲೆಯಲ್ಲಿ ಮಲಯಾಳ ಪತ್ರಿಕೆಯೇ ಆಗಿರಬಹುದು. ಕನ್ನಡ ಪತ್ರಿಕೆ ಮಾತ್ರ ತರಿಸುವ ಮನೆಯವರಿಗೆ ಅದು ಕಾಣದೇ ಹೋಗುತ್ತದೆ. ಇದು ಕಾಗದದ ಮೇಲಿನ ಸ್ವಾಧೀನ, ಅಂದೇ ಮನೆ ಬಿಡಬೇಕಾಗಿಲ್ಲ. ಆದರೆ ಇಲ್ಲಿಂದ 45 ದಿನದೊಳಗೆ ಎರ್ನಾಕುಳಂನಲ್ಲಿರುವ ಸಾಲ ವಸೂಲಿ ನ್ಯಾಯಮಂಡಳಿಗೆ ಅರ್ಜಿ ಹಾಕುವ ಅವಕಾಶವಿದೆ. ಅದಾದ ಮೇಲೆ ಮ್ಯಾಜಿಸ್ಟ್ರೇಟರ ಆದೇಶ ಪಡೆದು ವಕೀಲ ಕಮಿಷನರ್, ಪೊಲೀಸರು ಬರುತ್ತಾರೆ. ಮೊದಲ ಹರಾಜಿಗೆ ಮೂವತ್ತು ದಿನ ಮುಂಚೆ ನೋಟಿಸು ಕೊಡಬೇಕು. ಬಾಕಿ ಪೂರ್ತಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಇರುವುದು ಆ ಹರಾಜು ಪ್ರಕಟಣೆ ಹೊರಬೀಳುವವರೆಗೆ ಮಾತ್ರ. "ಹರಾಜಿನ ದಿನ ಹಣ ತಂದರಾಯಿತು" ಎಂಬ ಹಳೆಯ ಮಾತು 2016ರ ತಿದ್ದುಪಡಿಯ ಮೇಲೆ ನಡೆಯುವುದಿಲ್ಲ.

"ಹೈಕೋರ್ಟಿಗೆ ಹೋದರೆ ಕಂತು ಮಾಡಿ ಕೊಡುತ್ತಾರೆ" ಎಂಬುದು ಇನ್ನೊಂದು ಹಳೆಯ ಮಾತು. ಒಂದು ಕಾಲದಲ್ಲಿ ಹಾಗೆ ಆಗುತ್ತಿತ್ತು. ಇಂಥ ವಿಷಯದಲ್ಲಿ ನ್ಯಾಯಮಂಡಳಿ ಇರುವಾಗ ಹೈಕೋರ್ಟು ನೇರವಾಗಿ ರಿಟ್ ಅರ್ಜಿಗಳನ್ನು ತೆಗೆದುಕೊಳ್ಳುವುದನ್ನು 2023ರಲ್ಲಿ ಸುಪ್ರೀಂ ಕೋರ್ಟ್ ಕಟುವಾಗಿಯೇ ಟೀಕಿಸಿದೆ.

ಊರಿನ ಸೇವಾ ಸಹಕಾರಿ ಬ್ಯಾಂಕಿನ ಸಾಲವಾದರೆ ದಾರಿ ಬೇರೆ. ಹೆಸರಿನಲ್ಲಿ ಬ್ಯಾಂಕ್ ಎಂದಿದ್ದರೂ ಇವು ಪ್ರಾಥಮಿಕ ಸಂಘಗಳು. 1969ರ ಕೇರಳ ಸಹಕಾರಿ ಸಂಘಗಳ ಕಾಯ್ದೆಯಂತೆ ಮಧ್ಯಸ್ಥಿಕೆಯ ದಾವೆ ಹೂಡಿ, ತೀರ್ಪು ಪಡೆದು, ಮಾರಾಟ ಅಧಿಕಾರಿಯ ಮೂಲಕ ವಸೂಲು ಮಾಡುತ್ತವೆ. ಆ ದಾವೆಯ ದಿನ ತಪ್ಪದೆ ಹಾಜರಾಗಿ. ಹೋಗದಿದ್ದರೆ ಏಕಪಕ್ಷೀಯ ತೀರ್ಪಾಗುತ್ತದೆ. "ಕುಡಿಶ್ಶಿಕ ನಿವಾರಣಂ" ಎಂದು ಮಲಯಾಳದಲ್ಲಿ ಬರೆದ ಬ್ಯಾನರ್ ಸಂಘದ ಎದುರು ಕಂಡರೆ ಒಳಗೆ ಹೋಗಿ ವಿಚಾರಿಸಿ. ಕುಡಿಶ್ಶಿಕ ಎಂದರೆ ಬಾಕಿ. ಬಡ್ಡಿಯಲ್ಲಿ ರಿಯಾಯಿತಿ ಕೊಟ್ಟು ಬಾಕಿ ತೀರಿಸಿಕೊಳ್ಳುವ ಅಭಿಯಾನ ಅದು.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆಯೇ ಉಚಿತ ನೆರವು ಸಿಗುತ್ತದೆ, ಉಳಿದವರಿಗೆ ಆದಾಯದ ಮಿತಿಯಿದೆ. ಸಹಾಯವಾಣಿ 15100. ಲೋಕ ಅದಾಲತ್‌ನಲ್ಲಿ ರಾಜಿಗೆ ಒಪ್ಪುವುದಾದರೆ ನಿಮ್ಮ ಪುಸ್ತಕದ ಆ ಗೆರೆ ಎಳೆದ ಸಂಖ್ಯೆಯನ್ನು ನೋಡಿ ಒಪ್ಪಿ. ಆ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ.

ಎಚ್ಚರಿಕೆಯ ಸೂಚನೆಗಳು: ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು ಅಥವಾ ಸಂಜೆ 7ರ ನಂತರ ಕರೆ ಮಾಡಿದರೆ, ನೆರೆಮನೆಯವರಿಗೆ ಹೇಳುತ್ತೇವೆ ಎಂದರೆ ದಾಖಲಿಸಿ ದೂರು ಕೊಡಿ. ಹಣವನ್ನು ನಗದಾಗಿ ಅವರ ಕೈಗೆ ಕೊಡಬೇಡಿ, ಸಾಲದ ಖಾತೆಗೇ ಕಟ್ಟಿ. "ಎಲ್ಲ ಮನ್ನಾ ಮಾಡಿಸಿಕೊಡುತ್ತೇನೆ, ಮುಂಗಡ ಕೊಡಿ" ಎಂದು ಬರುವ ಮಧ್ಯವರ್ತಿಯನ್ನು ಗೇಟಿನಿಂದಲೇ ಕಳುಹಿಸಿ.

ಹಂತ 8: ಮಾರುವುದೇ ಆದರೆ ನೀವೇ ಮಾರಿ

ಹೇಳಲು ಕಷ್ಟ, ಆದರೆ ಲೆಕ್ಕ ಎಷ್ಟು ತಿರುಗಿಸಿದರೂ ಕೂಡದ ಮನೆಗಳಿವೆ. ಆಗ ಹರಾಜಿಗೆ ಮೊದಲೇ, ಸಾಧ್ಯವಾದರೆ ನೋಟಿಸಿಗೂ ಮೊದಲೇ ಮಾರಿ. ಹರಾಜಿನಲ್ಲಿ ಕೊಳ್ಳುವವನು ಅಗ್ಗಕ್ಕೆಂದೇ ಬರುತ್ತಾನೆ. 13(2) ನೋಟಿಸು ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಮಾರುವಂತಿಲ್ಲ. ಬ್ಯಾಂಕಿನಿಂದ ಪೂರ್ಣ ಬಾಕಿಯ ಪತ್ರ ಪಡೆಯಿರಿ, ಕೊಳ್ಳುವವರ ಹಣ ನೇರವಾಗಿ ಸಾಲದ ಖಾತೆಗೆ ಹೋಗಲಿ, ಆಧಾರ ಬಿಡುಗಡೆ ಮತ್ತು ನೋಂದಣಿಯ ದಿನವನ್ನು ಮೊದಲೇ ನಿಗದಿ ಮಾಡಿಕೊಳ್ಳಿ. ಹರಾಜಾಗಿಯೇ ಹೋದರೆ, ಬಾಕಿ ಮತ್ತು ಖರ್ಚು ಕಳೆದು ಉಳಿದ ಹಣ ನಿಮ್ಮದು, ಕೇಳಿ ಪಡೆಯಿರಿ. ಕಡಿಮೆ ಬಿದ್ದರೆ ಉಳಿದ ಬಾಕಿ ನಿಮ್ಮ ಮತ್ತು ಜಾಮೀನುದಾರರ ತಲೆಯ ಮೇಲಿರುತ್ತದೆ.

ಒಂದೇ ಕಂತಿನಲ್ಲಿ ತೀರಿಸುವ ಒಪ್ಪಂದಕ್ಕೆ ಬ್ಯಾಂಕು ಕರೆದರೆ ಮೊತ್ತ, ಕೊನೆಯ ದಿನಾಂಕ, ಉಳಿದದ್ದು ಬಿಟ್ಟುಕೊಟ್ಟಿದೆ ಎಂಬ ಮಾತು ಮೂರೂ ಪತ್ರದಲ್ಲಿರಬೇಕು. ಹಣದ ದಾರಿ ಖಚಿತವಾಗದೆ ಮುಂಗಡ ಕಟ್ಟಬೇಡಿ. ದಿನ ತಪ್ಪಿದರೆ ಒಪ್ಪಂದ ಮುರಿಯುತ್ತದೆ, ಕಟ್ಟಿದ್ದು ಹಳೆಯ ಬಾಕಿಯಲ್ಲಿ ಕರಗುತ್ತದೆ. ಸಿಬಿಲ್‌ನಲ್ಲಿ ಇದು ಪೂರ್ತಿ ತೀರಿಸಿದ ಸಾಲವಾಗಿ ಕಾಣಿಸುವುದಿಲ್ಲ, ರಾಜಿಯಲ್ಲಿ ಮುಗಿದದ್ದಾಗಿ ಕಾಣಿಸುತ್ತದೆ.

ಸಾಲ ಯಾವ ದಾರಿಯಲ್ಲಿ ತೀರಿದರೂ ಬಾಕಿಯಿಲ್ಲ ಎಂಬ ಪತ್ರ ಪಡೆಯದೆ ಶಾಖೆಯಿಂದ ಹೊರಬರಬೇಡಿ. ಮೂಲ ಆಧಾರವನ್ನು ಮೂವತ್ತು ದಿನದೊಳಗೆ ಹಿಂದಿರುಗಿಸಬೇಕು. ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2023ರ ಡಿಸೆಂಬರ್ 1ರಿಂದ ಇದೆ. ಆಧಾರ ಕೈಗೆ ಬಂದಾಗ ಹಿಂದಿನ ಆಧಾರಗಳೂ ಸೇರಿ ಎಲ್ಲ ಪುಟಗಳಿವೆಯೇ ಎಂದು ಕೌಂಟರಿನ ಎದುರೇ ಎಣಿಸಿ ನೋಡಿ, ಆಮೇಲೆ ರಿಜಿಸ್ಟ್ರಿಗೆ ಸಹಿ ಹಾಕಿ.